ಕಾಯಿ

ಮಾವು ಬಣ್ಣ ತಿರುಗಿಸಿ ಹೇಳುತ್ತದೆ,
ಹಲಸು ಓಣಿಗೆಲ್ಲ ಡಂಗುರ ಸಾರುತ್ತದೆ.
ಬಟಾಟೆಗೆ ಮಾತ್ರ
ಬಾಯಿಯೂ ಇಲ್ಲ, ಮುಖವೂ ಇಲ್ಲ.

ಹಲ್ ಪಟ್ಟಣದ ಹಿಂದೋಣಿಯಲ್ಲಿ
ತಳಕ್ಕೆ ಏಳು ತೂತು ಕೊರೆದ ಕಪ್ಪು ಕಸದ ಡಬ್ಬಿ.
ಏಪ್ರಿಲ್‌ನಲ್ಲಿ ಮೂರು ಬೀಜಗಡ್ಡೆ ಇಟ್ಟವಳು ನಾನು,
ಬೇಲಿಯಾಚೆಯಿಂದ ಆಳಿದವನು ಮಾರಿಸ್,
ಮೂವತ್ತು ವರ್ಷ ಉತ್ತರದ ಕಡಲಲ್ಲಿ ಬಲೆ ಎಳೆದವನು.

ಚಿಗುರು ಬಂತೆಂದರೆ, ಮಣ್ಣು ಹಾಕು.
ಹೂ ಬಿಟ್ಟಿತೆಂದರೆ, ನೀರು ಹಾಕು.
ಹೂ ಉದುರಿತು ಮಾರಿಸ್, ಕೀಳಲೇ?
"ವೇಟ್" ಅಂದ.
ನಮ್ಮಲ್ಲಿ ಅದಕ್ಕೆ ಕಾಯಿ ಅನ್ನುತ್ತೇವೆ,
ಹಣ್ಣಾಗದ್ದಕ್ಕೂ ಕಾಯಿಯೇ, ಅಂದೆ.
ನಗಲಿಲ್ಲ.

ತಡೆಯಲಾರದೆ ಒಂದು ರಾತ್ರಿ, ಪಾಳಿ ಮುಗಿಸಿ ಬಂದವಳು
ಮೊಣಕೈವರೆಗೆ ಮಣ್ಣಿಗಿಳಿದೆ.
ತಣ್ಣಗೆ, ಗೋಲಿಯಷ್ಟು ಏನೋ ತಗುಲಿತು.
ಕದ್ದವಳಂತೆ ಮುಚ್ಚಿಬಿಟ್ಟೆ.

ಆಗಸ್ಟ್. ಎಲೆ ಹಳದಿ, ಕಾಂಡ ಅಡ್ಡಬಿತ್ತು.
ಸೊಂಟದ ಆಪರೇಷನ್ನಿಗೆ ಮಾರಿಸ್ ಆಸ್ಪತ್ರೆ ಸೇರಿದ್ದ.
ನೀರು ನಿಲ್ಲಿಸಿದೆ.
ಕೇಳಲು ಬೇಲಿಯಾಚೆ ಯಾರೂ ಇಲ್ಲದೆ
ಸುಮ್ಮನೆ ಇನ್ನಷ್ಟು ಕಾದೆ.

ಕೊನೆಗೊಂದು ಭಾನುವಾರ ಡಬ್ಬಿಯನ್ನೇ ಬೋರಲು ಹಾಕಿದೆ.
ಇಪ್ಪತ್ತಾರು.
ಒಂದಕ್ಕೆ ಹುಳು ಹೊಕ್ಕಿತ್ತು,
ಒಂದು ಕಿರುಬೆರಳ ತುದಿಯಷ್ಟೇ.

ಕೋಟಿನ ಜೇಬಲ್ಲಿ ನಾಲ್ಕು. ಬಸ್ಸು. ಲಿಫ್ಟು. ವಾರ್ಡು.
ಮಾರಿಸ್ ಒಂದನ್ನೆತ್ತಿ
ಹೆಬ್ಬೆರಳಿಂದ ಒತ್ತಿ ಉಜ್ಜಿದ.
ಸಿಪ್ಪೆ ಜಾರಲಿಲ್ಲ.
ಬಿಳಿ ಹೊದಿಕೆಯ ಮೇಲೆ ನನ್ನ ಮಣ್ಣು ಉದುರಿತು.

"ಹತ್ತು ದಿನ ತಡ" ಅಂದ.
ಆಮೇಲೆ ನರ್ಸಿನ ಕಡೆ ಕತ್ತು ಹೊರಳಿಸಿ
ಬೆಣ್ಣೆ ಇದೆಯಾ ಕೇಳಿದ.