ಡಬ್ಬಿ ಮೀನಿನ ಕಣ್ಣು

ತಾರ್ತುವಿನ ಈ ನೆಲಮಾಳಿಗೆಯಲ್ಲಿ
ಕಲ್ಲಿಗೆ ಕಲ್ಲು ತಿಕ್ಕುತ್ತಾರೆ.
ನಡುವೆ ಮರಳು, ನೀರು,
ಇಂಗ್ಲಿಷಿನ ಎಂಟು ಬರೆಯುತ್ತಲೇ ಇರುವ ಕೈ.
ಮೊನ್ನೆಯ ಚಿತ್ರ ಬೂದು ಕೆಸರಾಗಿ ತೊಟ್ಟಿಗಿಳಿಯುತ್ತದೆ.
ಹೊಸದಕ್ಕೆ ಜಾಗ ಮಾಡುವುದೆಂದರೆ ಇಷ್ಟೇ
ಎಂದುಕೊಂಡಿದ್ದೆ.

ತಾವೆತ್ ಚಿತ್ರ ಬರೆಯುವುದಿಲ್ಲ.
ಅರೆಬರೆ ತಿಕ್ಕಿದ ಕಲ್ಲಿಗೆ ಗೋಂದು ಸವರಿ,
ಒದ್ದೆ ಮಾಡಿ, ಮಸಿಯ ಉರುಳೆ ಓಡಿಸಿ,
ಅಳಿಸಿದ ಮೇಲೆ ಏನು ಉಳಿದಿದೆಯೋ
ಅದನ್ನೇ ಅಚ್ಚು ಹಾಕುತ್ತಾನೆ.
"ನನ್ನದೇನೂ ಇಲ್ಲ ಇದರಲ್ಲಿ" ಅನ್ನುತ್ತಾನೆ,
ಆಮೇಲೆ ಮೂಲೆಯಲ್ಲಿ ಸಹಿ ಮಾಡುತ್ತಾನೆ.

ಪಕ್ಕದ ಕೋಣೆಯ ಪಿರೆತ್ ಇನ್ನೂ ವಿಚಿತ್ರ:
ನದಿಯಿಂದ ಮಂಜುಗಡ್ಡೆಯ ಹಲಗೆ ಕಡಿದು ತಂದು
ಅದಕ್ಕೇ ಮಸಿ ಬಳಿಯುತ್ತಾಳೆ. ಕರಗುವ ಮುಂಚೆ ಮೂರು ಪ್ರತಿ.
ನಾಲ್ಕನೆಯದು ಬರೀ ಒದ್ದೆ ಕಾಗದ; ಅದಕ್ಕೇ ಬೆಲೆ ಹೆಚ್ಚು.
ನದಿಯ ಹೆಸರು ಎಮಯೋಗಿ.
ನನ್ನ ಕಿವಿಗೆ ಯಾರೋ ತಪಸ್ಸಿಗೆ ಕೂತಂತೆ;
ಅವರ ನುಡಿಯಲ್ಲಿ 'ಯೋಗಿ' ಅಂದರೆ ಹೊಳೆ, ಅಷ್ಟೆ.

ಇವತ್ತು ತಾವೆತ್ ಎತ್ತಿದ ಕಾಗದದಲ್ಲೊಂದು ಮೀನು.
ಸೋವಿಯತ್ ಕಾಲದ ಡಬ್ಬಿಯ ಚೀಟಿ.
ಬಾಲವಿಲ್ಲ, ಅಕ್ಷರ ಅರ್ಧರ್ಧ,
ಕಣ್ಣು ಮಾತ್ರ ಪೂರ್ತಿ.

ಉರ್ವೆ ಕೈಚೀಲ ಕೆಳಗಿಟ್ಟಳು.
ಎಪ್ಪತ್ತೇಳು ವರ್ಷ; ಶುಕ್ರವಾರ ಬಂದು
ಯಂತ್ರಕ್ಕೆ ಎಣ್ಣೆ ಬಿಟ್ಟು ಹೋಗುವವಳು.
"ಈ ಕಣ್ಣು ನನ್ನದು."

ಇಪ್ಪತ್ತೊಂದರಲ್ಲಿ ಬರೆದದ್ದು. ಮೇಲಿನವರು ಅಂದರಂತೆ:
ಮೀನು ಅಳುತ್ತಿದೆ, ತಿನ್ನುವವರ ಗಂಟಲಲ್ಲಿ ಇಳಿಯುವುದಿಲ್ಲ.
ಕೆರೆದು, ಮೇಲೊಂದು ನಗುವ ಕಣ್ಣು ಕೂರಿಸಿದಳು.
ಆ ನಗು ಲಕ್ಷ ಡಬ್ಬಿಗಳ ಮೇಲೆ ಊರೂರು ಸುತ್ತಿತು.
ಈಗ ಮರಳು ತಿಂದದ್ದು ಆ ನಗುವನ್ನೇ.
ಮೊದಲಿನ ಜಿಡ್ಡು ಕಲ್ಲೊಳಗೆ ಇಳಿದು ಕೂತಿತ್ತು,
ತುಟಿ ಪಿಟಕ್ಕೆನ್ನದೆ.

ಸುಮ್ಮನಿರಲಾರದೆ ನಮ್ಮ ಕಡೆಯ ಕಥೆ ತೆಗೆದೆ:
ಮೇಲೆ ತಿರುಗುವ ಮೀನು, ಕೆಳಗೆ ನೀರಲ್ಲಿ ಬಿಂಬ,
ಬಿಂಬ ನೋಡಿ ಬಾಣ ಬಿಟ್ಟವನು, ಮದುವೆ.
ತಿರುಗುಮುರುಗಾಗಿ ನೋಡಿ ಗುರಿ ಹಿಡಿಯುವುದು
ನಿಮ್ಮ ಕಸುಬೂ ಅಲ್ಲವೇ ಎಂದೆ, ಜಾಣತನಕ್ಕೆ.
"ಮೀನಿಗೆ ಏನಾಯಿತು?" ಎಂದಳು ಉರ್ವೆ.
ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ತಾವೆತ್ ಎಂಟು ಪ್ರತಿ ತೆಗೆದ.
ಸಹಿಯ ಹೊತ್ತಿಗೆ ಪೆನ್ಸಿಲು ತಡೆಯಿತು;
ಅವಳ ಕಡೆ ಚಾಚಿದ.
ಕನ್ನಡಕ ತಂದಿರಲಿಲ್ಲ ಅವಳು.
ಕಲ್ಲಿಗೆ ಬರೆದು ಬರೆದು ಪಳಗಿದ ಕೈ
ಹೆಸರನ್ನು ಬಲದಿಂದ ಎಡಕ್ಕೆ ಇಳಿಸಿತು, ಉಲ್ಟಾ.

ಓದಬೇಕೆಂದರೆ ಕಾಗದವನ್ನು ಕಿಟಕಿಗೆ ಹಿಡಿದು
ಬೆನ್ನ ಕಡೆಯಿಂದ ನೋಡಬೇಕು.
ಆಗ ಮೀನೂ ಹೊರಳಿ,
ಅವತ್ತು ಅವಳು ಬರೆದ ದಿಕ್ಕಿಗೇ
ಮುಖ ಮಾಡಿರುತ್ತದೆ.