ಹತ್ತು ಲಕ್ಷದ ಮೂರು

ಹತ್ತು ಲಕ್ಷಕ್ಕೆ ಸರಿಯಾಗಿ ಗುಂಡಿ ಮಷೀನು ನಿಲ್ಲಿಸಿ
ಫೋಟೋ ಹೊಡೆದರು. ಕೌಲ್ ಬಜಾರಿನ ನಮ್ಮ ಶೆಡ್ಡಿಗೆ
ಮೊದಲ ಸಲ ಮೈಸೂರುಪಾಕು ಬಂತು.
ಆರು ಸೊನ್ನೆಗಳ ಪಕ್ಕ ಎರ್ರಿಸ್ವಾಮಿ ಮೇಸ್ತ್ರಿ
ಹೊಸ ಅಳಿಯನ ಪಕ್ಕ ನಿಂತಂತೆ ನಿಂತ.

ಆಮೇಲೆ ಟಕ್, ಟಕ್, ಟಕ್.
ಮೂರು ಜೀನ್ಸಿನ ಸೊಂಟಕ್ಕೆ ಮೂರು ತಾಮ್ರದ ಗುಂಡಿ.
ಕರೆಂಟು ಹೋಯಿತು.
ಮೀಟರಿನ ಬಿಳಿ ಅಂಕಿಗಳು ಇದ್ದಲ್ಲೇ ಇದ್ದವು:
೧೦,೦೦,೦೦೩.

ಮಾರ್ಚ್ ತಿಂಗಳು. ಕಾದ ತಗಡಿನ ಕೆಳಗೆ ಹದಿನೇಳು ಜನ
ಪ್ಯಾಂಟಿನ ಕಾಲಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತೆವು.
ಗುರುತು ಹಾಕುವ ಸೀಮೆಸುಣ್ಣ ಹಿಡಿದು
ಹೊಲಿಯದ ನೀಲಿ ಬಟ್ಟೆಯ ಮೇಲೆ ಭಾಗಿಸತೊಡಗಿದೆ.
ಬೇರೆ ಕೆಲಸವಿರಲಿಲ್ಲ, ಅಷ್ಟೇ.

ಎರಡಕ್ಕೆ ಒಂದು ಮಿಕ್ಕಿತು. ಮೂರಕ್ಕೂ ಒಂದು. ಐದಕ್ಕೆ ಮೂರು.
ಏಳಕ್ಕೆ ನಾಲ್ಕು.
ಹನ್ನೊಂದಕ್ಕೆ ನಾಲ್ಕು.
ಹದಿಮೂರಕ್ಕೂ ನಾಲ್ಕೇ ಬಂದಾಗ ನನ್ನ ಕೈಯ ಮೇಲೇ ಅನುಮಾನ;
ಅಂಗೈಯಿಂದ ಒರೆಸಿ ಮತ್ತೆ ಮಾಡಿದೆ.
ತಪ್ಪಿರಲಿಲ್ಲ. ಒಂಬತ್ತನ್ನು ಆರು ಸಲ ಸಾಲಾಗಿ ಬಡಿಸಿದರೆ
ಈ ಮೂವರೂ ಎಲೆಯಲ್ಲಿ ಒಂದಗುಳು ಬಿಡದೆ ಉಣ್ಣುತ್ತಾರೆ.
ನಮ್ಮದು ಅದಕ್ಕಿಂತ ನಾಲ್ಕು ಹೆಚ್ಚು.

ಹದಿನೇಳು ಜನಕ್ಕೆ ಹಂಚಿದರೆ ಹನ್ನೆರಡು ಮಿಗುತ್ತವೆ ಅಂದೆ.
"ಇನ್ನೊಂದೈದು ಗುಂಡಿ ತರ್ರಿ, ಎಲ್ಲಾರಿಗೂ ಬರತೈತಿ,"
ಮಾಬುನ್ನಿ ಕಣ್ಣು ಮುಚ್ಚಿಕೊಂಡೇ ಹೇಳಿದಳು.
ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಸಾವಿರದ ತನಕ ಹೋದರೆ ಸಾಕೆಂದು ಗೊತ್ತಿತ್ತು;
ಪಿಯುಸಿಯಿಂದ ನನ್ನ ಹತ್ತಿರ ಉಳಿದದ್ದು ಅದೊಂದೇ:
ದೊಡ್ಡದೊಂದು ಭಾಗಿಸುವುದಾದರೆ
ಅದರ ಚಿಕ್ಕ ಜೊತೆಗಾರ ಮೊದಲೇ ಸಿಕ್ಕಿಬೀಳುತ್ತಾನೆ.
ಆ ಬೇಸಿಗೆ ಕರೆಂಟು ಹೋದಾಗಲೆಲ್ಲ ಒಂದೋ ಎರಡೋ.
ನೂರಾ ಒಂದಕ್ಕೆ ಎರಡೇ ಮಿಕ್ಕಿ ಆಸೆ ಹುಟ್ಟಿಸಿತು.
ಸುಣ್ಣದ ಲೆಕ್ಕವೆಲ್ಲ ವಾಷಿಂಗಿನಲ್ಲಿ ಹೋಗುತ್ತದೆಂದು
ಜೇಬಿನ ಬಿಳಿ ಬಟ್ಟೆಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದೆ.
ಒಂದು ತುಂಡು ಹೇಗೋ ಹೊಲಿಗೆ ಸೇರಿ ಲೋಡಿನಲ್ಲಿ ಹೋಯಿತು;
ಯಾವ ಊರಲ್ಲೋ ಯಾರೋ ಚಿಲ್ಲರೆ ತಡಕುವಾಗ
ಬೆರಳಿಗೆ ತಾಗದ ಹಾಗೆ: ಶೇಷ ಐದು.

ಕೊನೆಯದು ಒಂಬೈನೂರ ತೊಂಬತ್ತೇಳು,
ನೂರ ಅರವತ್ತೆಂಟನೆಯ ಪ್ರಯತ್ನ. ಹನ್ನೆರಡು ಮಿಕ್ಕಿತು.
ಯಾರಿಗೂ ಬಗ್ಗಲಿಲ್ಲ.
ಸಮಚೌಕದ ಎರಡು ಬಟ್ಟೆಯಾಗಿ ಕತ್ತರಿಸಲೂ ಬಾರದು,
ನಾಲ್ಕಕ್ಕೆ ಮೂರು ಉಳಿಸಿಕೊಳ್ಳುವ ಸಂಖ್ಯೆಗಳ ಹಟವೇ ಹಾಗೆ.
ಇಂಥದೇ ಇನ್ನೊಂದು ಇಪ್ಪತ್ತು ಮನೆ ಹಿಂದಿದೆಯಂತೆ,
ಮುಂದಿನದು ಮೂವತ್ತು ಮನೆ ದಾಟಿ;
ಪಂಪನಗೌಡ ಮೇಷ್ಟ್ರು ಫೋನಿನಲ್ಲಿ ನೋಡಿ ಹೇಳಿದರು,
ಒಂದೇ ನಿಮಿಷದಲ್ಲಿ. ನನಗೆ ಸಿಟ್ಟು ಬಂತು.

"ಪಾಪ, ಅದಕ್ಕ ಯಾರೂ ಇಲ್ಲೇನು?" ಮಾಬುನ್ನಿ ಕೇಳಿದಳು.
"ಒಂದು ಐತಿ."
"ಒಂದು ಎಲ್ಲಾರಿಗೂ ಇರತೈತಿ ಬಿಡು," ಅಂದು
ಹಲ್ಲಿನಿಂದ ದಾರ ಕಡಿದಳು.

ಕರೆಂಟು ಬಂತು. ಮೀಟರು ನೋಡಿದೆ.
ಸಮಸಂಖ್ಯೆ. ಕೆಲಸಕ್ಕೆ ಕೂತೆ.