ಎರಡನೆಯ ಪೆಟ್ಟಿಗೆ

ಈಗ ಆ ಓಣಿಗೆ ದಿಯೊಲಿಂದಳ ಹೆಸರಿಟ್ಟಿದ್ದಾರೆ.
ನೀಲಿ ಹೆಂಚಿನ ಮೇಲೆ ಬಿಳಿ ಅಕ್ಷರ,
ಕೆಳಗೊಂದು ಇಸವಿ. ಇಸವಿ ತಪ್ಪು,
ಇರಲಿ ಬಿಡಿ.

ಮೊದಲು ಕೂತವಳು ಅವಳೇ, ಸುಳ್ಳಲ್ಲ.
ಸೆತೂಬಲ್ಲಿನ ಮೀನಿನ ಕಾರ್ಖಾನೆ.
ದೋಣಿ ಬಂತೆಂದರೆ ಕೊಂಬು ಊದುತ್ತಿದ್ದರು,
ನಡುರಾತ್ರಿಯಾದರೂ ತಲೆಗೆ ವಸ್ತ್ರ ಸುತ್ತಿ ಓಡಬೇಕು.
ಬೂತಾಯಿಯ ತಲೆ ಕತ್ತರಿಸಿ, ಕರುಳು ತೆಗೆದು,
ಎಣ್ಣೆಯ ಡಬ್ಬಿಯಲ್ಲಿ ಸಾಲಾಗಿ ಮಲಗಿಸಬೇಕು.
ಮೀನಿಗೆ ಮಲಗುವ ಭಾಗ್ಯ. ನಮಗೆ
ಹನ್ನೊಂದು ಗಂಟೆ ನಿಲ್ಲುವ ಕೆಲಸ.
ಕೂರಬಾರದೆಂದು ಗೋಡೆಯ ಮೇಲೆ ಬರೆದಿರಲಿಲ್ಲ;
ನಮ್ಮಲ್ಲಿ ಓದಬಲ್ಲವರು ನಾಲ್ಕೇ ಜನ,
ಬರೆದೇನು ಪ್ರಯೋಜನ?

ಒಂದು ಸೋಮವಾರ, ಹತ್ತು ಗಂಟೆಗೆ,
ದಿಯೊಲಿಂದ ಖಾಲಿ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿ
ಅದರ ಮೇಲೆ ಕೂತಳು.
ಕತ್ತರಿ ಮಡಿಲಲ್ಲಿ, ಕಣ್ಣು ಮೇಸ್ತ್ರಿಯ ಮೇಲೆ.
ಹತ್ತು ನಿಮಿಷ. ಮತ್ತೆ ಎದ್ದು ಕೆಲಸ.
ಮೇಸ್ತ್ರಿ ಅಬೀಲಿಯೊ ಅರ್ಧ ದಿನದ ಕೂಲಿ ಮುರಿದ.
ಮಾರನೆಯ ದಿನವೂ ಕೂತಳು. ಮುರಿದ.
ಹೀಗೆ ಹನ್ನೊಂದು ದಿನ.

ನಾವೇನು ಮಾಡಿದೆವು ಕೇಳುತ್ತೀರಾ?
ನಕ್ಕೆವು.
ಗಂಡ ಬಿಟ್ಟುಹೋದ ಮೇಲೆ ತಲೆ ನೆಟ್ಟಗಿಲ್ಲ ಎಂದೆವು.
ನಾನಂತೂ ಅವಳ ಪಕ್ಕದ ಜಾಗ ಬಿಟ್ಟು
ಉಪ್ಪುನೀರಿನ ತೊಟ್ಟಿಯ ಕಡೆಗೆ ಸರಿದೆ.
ಹುಚ್ಚೋ ಧೈರ್ಯವೋ, ಯಾವುದಾದರೂ ಸರಿ,
ಅಂಟಿಕೊಳ್ಳುವುದು ಬೇಡವೆಂದು.

ಹನ್ನೆರಡನೆಯ ದಿನ ಝುಲ್ಮೀರಾ,
ಪಾಪದ ಹೆಂಗಸು, ಯಾರ ಗೊಡವೆಗೂ ಹೋಗದವಳು,
ಎರಡನೆಯ ಪೆಟ್ಟಿಗೆ ಎಳೆದು ತಂದಳು.
ಸಿಮೆಂಟಿನ ನೆಲದ ಮೇಲೆ ಅದು ಮಾಡಿದ ಸದ್ದು
ಇವತ್ತಿಗೂ ನನ್ನ ಹಲ್ಲಿನಲ್ಲಿದೆ.
ದಿಯೊಲಿಂದಳ ಬೆನ್ನಿಗೆ ಬೆನ್ನು ಕೊಟ್ಟು
ನಮ್ಮ ಕಡೆ ಮುಖ ಮಾಡಿ ಕೂತಳು.

"ಇದೇನು, ಮುಷ್ಕರವೋ?" ಅಬೀಲಿಯೊ ಕೇಳಿದ.
ಆ ಕಾಲದಲ್ಲಿ ಆ ಪದಕ್ಕೆ ಜೈಲಿತ್ತು.
ದಿಯೊಲಿಂದ ಆಗಿದ್ದರೆ ಹೌದು ಎನ್ನುತ್ತಿದ್ದಳೇನೋ.
ಝುಲ್ಮೀರಾ ಹೇಳಿದಳು:
"ಇಲ್ಲ ಸ್ವಾಮಿ, ಮಂಡಿ ನೋವು."

ಮಂಡಿ ನೋವು!
ಅಯ್ಯೋ, ಅದು ನಮ್ಮ ಹತ್ತಿರವೂ ಇತ್ತಲ್ಲ.
ನ್ಯಾಯ ಅಂದರೇನೆಂದು ಗೊತ್ತಿಲ್ಲದವಳಿಗೂ
ಮಂಡಿ ಅಂದರೆ ಗೊತ್ತು.
ಮಧ್ಯಾಹ್ನಕ್ಕೆ ಮೂವರು. ಗುರುವಾರಕ್ಕೆ ಒಂಬತ್ತು.
ಹದಿನಾಲ್ಕರ ಹುಡುಗಿ ಕುಸ್ತೋಡಿಯ,
ಹಿಂದಿನ ಸಂಜೆಯಷ್ಟೇ ಹಗ್ಗ ಜಿಗಿದಾಡಿದ್ದವಳು,
ಮುಖ ಕಿವುಚಿ, ಅಮ್ಮಾ ಮಂಡೀ, ಅಂತ ಕುಸಿದಳು.
ಮಂಡಿ ಹಿಡಿದುಕೊಂಡೇ ನಕ್ಕು ನಕ್ಕು
ಹೊಟ್ಟೆ ನೋವೂ ಬಂತು.

ನನ್ನ ಸರದಿ? ಹೇಳಿಬಿಡುತ್ತೇನೆ.
ನಾನು ನಲವತ್ತೊಂದನೆಯವಳು.
ಸುತ್ತ ಎಲ್ಲರೂ ಕೂತಾಗ
ನಿಂತವಳೇ ಎದ್ದು ಕಾಣುತ್ತಾಳೆ. ಆ ಭಯಕ್ಕೆ ಕೂತೆ.
ಕೂರುವಾಗ ದಿಯೊಲಿಂದಳ ಕಡೆ ನೋಡಲೂ ಇಲ್ಲ,
ಅವಳು ತುಂಬ ದೂರ, ತುಂಬ ನೆಟ್ಟಗೆ.
ನಾನು ನೋಡಿದ್ದು ಪಕ್ಕದ ಎಫಿಜೇನಿಯಳನ್ನು,
ಎಫಿಜೇನಿಯ ನೋಡಿದ್ದು ಕುಸ್ತೋಡಿಯಳನ್ನು,
ಹೀಗೆ ದಾರ ಹಿಡಿದು ಹಿಂದೆ ಹೋದರೆ
ಕೊನೆಗೆ ಸಿಗುವುದು ಎಳೆದ ಪೆಟ್ಟಿಗೆಯ ಆ ಸದ್ದು.

ಸ್ಟೂಲು ಬಂದದ್ದು ಮುಂದಿನ ಚಳಿಗಾಲಕ್ಕೆ,
ಮೂವರಿಗೊಂದರಂತೆ.
ಅಷ್ಟರಲ್ಲಿ ದಿಯೊಲಿಂದಳನ್ನು ಎರಡು ಸಲ
ಕರೆದೊಯ್ದಿದ್ದರು. ಎರಡನೆಯ ಸಲ ಬಂದಾಗ
ಅವಳ ಕೂದಲು ಗಿಡ್ಡವಾಗಿತ್ತು, ಮಾತೂ.
ಝುಲ್ಮೀರಾಳನ್ನು ಯಾರೂ ಮುಟ್ಟಲಿಲ್ಲ.
ಪಟ್ಟಿಯಲ್ಲಿ ಅವಳ ಹೆಸರಿನೆದುರು
ಒಂದೇ ಪದ ಬರೆದಿತ್ತಂತೆ: ಮಂಡಿ.

ಹನಿಗೂಡಿದರೆ ಹಳ್ಳ ಎನ್ನುತ್ತಾರೆ.
ಅದು ಮಳೆ ನಿಂತ ಮೇಲಿನ ಮಾತು.
ಮೊದಲ ಹನಿ ಬಿದ್ದಾಗ ಯಾರೂ ಕೊಡೆ ಬಿಚ್ಚುವುದಿಲ್ಲ,
ಕಡಲಹಕ್ಕಿ ಹಿಕ್ಕೆ ಹಾಕಿತೇ ಎಂದು ಮೇಲೆ ನೋಡುತ್ತಾರೆ.
ಎರಡನೆಯದು ಬಿದ್ದಾಗ
ಅಂಗೈ ಚಾಚುತ್ತಾರೆ.

ಝುಲ್ಮೀರಾ ಹೋಗಿ ಆರು ವರ್ಷ.
ಕೊನೆಗಾಲದಲ್ಲಿ ಒಮ್ಮೆ ಕೇಳಿದ್ದೆ,
ಅವತ್ತು ಯಾಕೆ ಕೂತೆಯೇ?
ಬ್ರೆಡ್ಡಿನ ಅಂಚನ್ನು ಸಾರಿನಲ್ಲಿ ಅದ್ದಿ
ಮೆತ್ತಗಾಗುವ ತನಕ ಕಾದಳು.
"ಅವಳು ಒಬ್ಬಳೇ ಕೂತಿದ್ದಳಲ್ಲೇ,
ನೋಡೋಕಾಗಲಿಲ್ಲ," ಅಂದಳು.
"ಅಲ್ಲದೆ, ಮಂಡಿ
ನಿಜವಾಗಿಯೂ ನೋಯುತ್ತಿತ್ತು."